ಆಸ್ಪತ್ರೆಗೆ ಸೇರುವ ಮೊದಲೇ ಆರೋಗ್ಯ ವಿಮೆ ಪಾಲಿಸಿ ಓದುವುದು ಹೇಗೆ?

ಅಡಿಕೆ ಮರದಿಂದ ಬಿದ್ದವರನ್ನು ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಕರೆತರುತ್ತಾರೆ, ಇಲ್ಲವೇ ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೆ ಒಯ್ಯುತ್ತಾರೆ. ಆ ಗಡಿಬಿಡಿಯಲ್ಲಿ ವಿಮೆಯ ಕಾಗದ ಓದಲು ಯಾರಿಗೆ ಪುರುಸೊತ್ತು? ಹಾಗಾಗಿ ಪಾಲಿಸಿಯನ್ನು ಇವತ್ತೇ ಬೀರುವಿನಿಂದ ತೆಗೆಯಿರಿ.

ಮೊದಲು ‘ಸಮ್ ಇನ್ಶೂರ್ಡ್’ ನೋಡಿ. ವರ್ಷಕ್ಕೆ ಕಂಪನಿ ಕೊಡುವ ಗರಿಷ್ಠ ಮೊತ್ತ ಅದು. ‘ಫ್ಯಾಮಿಲಿ ಫ್ಲೋಟರ್’ ಎಂದಿದ್ದರೆ ಆ ಮೊತ್ತ ಮನೆಯವರಿಗೆಲ್ಲ ಸೇರಿ.

ಆಮೇಲೆ ‘ರೂಮ್ ರೆಂಟ್ ಲಿಮಿಟ್’ ಹುಡುಕಿ. ಜನ ಜಾಸ್ತಿ ಪೆಟ್ಟು ತಿನ್ನುವುದು ಇಲ್ಲೇ. 3 ಲಕ್ಷದ ಪಾಲಿಸಿಯಲ್ಲಿ ಮಿತಿ ಸಮ್ ಇನ್ಶೂರ್ಡ್‌ನ 1% ಎಂದಿದ್ದರೆ ದಿನಕ್ಕೆ 3,000 ರೂಪಾಯಿಯ ರೂಮ್ ಸಿಗುತ್ತದೆ. ನೀವು 6,000ದ ರೂಮ್ ಹಿಡಿದಿರಿ ಅನ್ನಿ. ಮೇಲಿನ 3,000 ಕೊಟ್ಟರೆ ಮುಗಿಯಿತು ಅಂದುಕೊಳ್ಳಬೇಡಿ. ರೂಮಿಗೆ ತಕ್ಕಂತೆ ದರ ಬದಲಾಗುವ ಆಸ್ಪತ್ರೆಯಲ್ಲಿ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಖರ್ಚಿನಲ್ಲೂ ಅದೇ ಲೆಕ್ಕದಲ್ಲಿ ಅರ್ಧ ಕಡಿತವಾಗಬಹುದು. ಇವೆಲ್ಲ ಸೇರಿ 80,000 ಆದರೆ 40,000 ನಿಮ್ಮ ತಲೆ ಮೇಲೆ. ಔಷಧಿ, ಇಂಪ್ಲಾಂಟ್‌ಗಳಿಗೆ ಮಾತ್ರ ಈ ಕಡಿತ ಹಾಕುವಂತಿಲ್ಲ. ಅದಕ್ಕೇ ದಾಖಲಾಗುವಾಗ ‘ನಮ್ಮ ಪಾಲಿಸಿಗೆ ಯಾವ ರೂಮ್ ಬರುತ್ತೆ?’ ಎಂದು ವಿಮೆ ಕೌಂಟರಿನಲ್ಲಿ ಕೇಳಲೇಬೇಕು.

‘ಕೋ-ಪೇ’ 20% ಎಂದಿದ್ದರೆ, ಕಂಪನಿ ಒಪ್ಪಿದ ಬಿಲ್ಲಿನಲ್ಲಿ ಐದನೇ ಒಂದು ಪಾಲು ನಿಮ್ಮದು. ‘ಡಿಡಕ್ಟಿಬಲ್’ ಎಂದರೆ ಮೊದಲು ನೀವು ಕೈಯಿಂದ ಹಾಕಬೇಕಾದ ಮೊತ್ತ.

ಮುಂದೆ ‘ವೇಟಿಂಗ್ ಪೀರಿಯಡ್’. ಹೊಸ ಪಾಲಿಸಿಯಲ್ಲಿ ಸಾಮಾನ್ಯವಾಗಿ ಮೊದಲ 30 ದಿನ ಅಪಘಾತಕ್ಕಷ್ಟೇ ಹಣ. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ 3 ವರ್ಷ ಮೀರುವಂತಿಲ್ಲ. 2024ರ ಏಪ್ರಿಲ್‌ನಿಂದ ಇದು ನಿಯಮ. ಬಿಪಿ, ಶುಗರ್ ಇದ್ದರೆ ಫಾರಂನಲ್ಲಿ ದಯವಿಟ್ಟು ಬರೆಯಿರಿ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕಾರವಾಗಬಹುದು.

ಇನ್ನು ಥೆರಪಿ. ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ನಮ್ಮೂರುಗಳಲ್ಲಿ ಈ ವಿಷಯ ಬಂದರೆ ಇನ್ನೂ ದನಿ ತಗ್ಗಿಸುತ್ತಾರೆ. ಬೇಡ, ಇದು ನಿಮ್ಮ ಹಕ್ಕು, ಧೈರ್ಯವಾಗಿ ಕೇಳಿ. ಆದರೆ ಹೆಚ್ಚಿನ ಪಾಲಿಸಿಗಳು ಹಣ ಕೊಡುವುದು 24 ಗಂಟೆ ದಾಖಲಾದರೆ, ಇಲ್ಲವೇ ಡಯಾಲಿಸಿಸ್, ಕಣ್ಣಿನ ಪೊರೆಯಂಥ ಒಂದೇ ದಿನದಲ್ಲಿ ಮುಗಿಯುವ ‘ಡೇ ಕೇರ್’ ಚಿಕಿತ್ಸೆಗೆ. ಕೌನ್ಸೆಲಿಂಗ್‌ಗೆ ಹೋಗಿ ಬರುವುದು ‘ಒಪಿಡಿ’ ಲೆಕ್ಕ; ಆ ಸೌಲಭ್ಯ ಪಾಲಿಸಿಯಲ್ಲಿ ಬೇರೆಯಾಗಿ ಇರಬೇಕು. ಮೂಳೆ ಮುರಿದು ಆಪರೇಷನ್ ಆದವರ ಫಿಸಿಯೋಥೆರಪಿ ಖರ್ಚು ಅನೇಕ ಪಾಲಿಸಿಗಳಲ್ಲಿ ‘ಪೋಸ್ಟ್ ಹಾಸ್ಪಿಟಲೈಸೇಷನ್’ (ಡಿಸ್ಚಾರ್ಜ್ ಆದ ಮೇಲಿನ ಖರ್ಚು) ಅಡಿ ಸಿಗುತ್ತದೆ. ಇದಕ್ಕೆ ಎಷ್ಟು ದಿನದ ಮಿತಿ ಎಂದು ನೋಡಿಕೊಳ್ಳಿ. ಡಾಕ್ಟರ್ ಚೀಟಿ, ರಸೀದಿ ಎರಡನ್ನೂ ಜೋಪಾನ ಮಾಡಿ.

ಕೊನೆಗೆ ‘ನೆಟ್‌ವರ್ಕ್ ಆಸ್ಪತ್ರೆ’ಗಳ, ಅಂದರೆ ಕಂಪನಿಯ ಜೊತೆ ಒಪ್ಪಂದ ಇರುವ ಆಸ್ಪತ್ರೆಗಳ ಪಟ್ಟಿ. ಶಿವಮೊಗ್ಗದ್ದು, ಮಣಿಪಾಲದ್ದು ಎರಡನ್ನೂ ಗುರುತು ಮಾಡಿಕೊಳ್ಳಿ. ‘ಕ್ಯಾಶ್‌ಲೆಸ್’ (ಬಿಲ್ಲನ್ನು ಕಂಪನಿಯೇ ಆಸ್ಪತ್ರೆಗೆ ಕಟ್ಟುವ) ಕೋರಿಕೆಗೆ ಕಂಪನಿ 1 ಗಂಟೆಯಲ್ಲಿ, ಡಿಸ್ಚಾರ್ಜ್ ಬಿಲ್ಲಿಗೆ 3 ಗಂಟೆಯಲ್ಲಿ ಉತ್ತರಿಸಬೇಕು. ಕ್ಲೇಮ್ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲೇ ಕೇಳಿ, ಕಂಪನಿಗೆ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮೆ ದೂರುಗಳನ್ನು ವಿಚಾರಿಸುವ ಅಧಿಕಾರಿಯಾದ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಿರಿ. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.