ಲಂಡನ್‌ನಿಂದ ಪ್ಯಾರಿಸ್ಸಿಗೆ: ಬಾಗಿಲಿಂದ ಬಾಗಿಲಿಗೆ ನಾನು ಹಾಕಿದ ಲೆಕ್ಕ

ಪಶ್ಚಿಮ ಲಂಡನ್ನಿನ ಈಲಿಂಗ್‌ನಲ್ಲಿ ವಾಸವಾಗಿರುವ ನಾನು ಕೆಲಸದ ನಿಮಿತ್ತ ಪ್ಯಾರಿಸ್ಸಿಗೆ ಹೋಗಿಬರಲು ಆರಂಭಿಸಿದಾಗ, ಮೊದಲ ಟಿಕೆಟ್ಟನ್ನು ನೋಡಿಯೇ ಗೊಂದಲಕ್ಕೆ ಬಿದ್ದೆ. ಬೆಳಿಗ್ಗೆ 9:00ಕ್ಕೆ ಹೀಥ್ರೂ ಬಿಡುವ ವಿಮಾನ 11:20ಕ್ಕೆ ಶಾರ್ಲ್ ದ ಗಾಲ್ ನಿಲ್ದಾಣ ತಲುಪುತ್ತದೆಂದಿತ್ತು. ಮರಳುವ ವಿಮಾನವಾದರೋ ಸಂಜೆ 6:00ಕ್ಕೆ ಹೊರಟು 6:20ಕ್ಕೇ ಲಂಡನ್ನಿನಲ್ಲಿರುತ್ತಿತ್ತು. ಟಿಕೆಟ್ಟಿನಲ್ಲಿ ಆಯಾ ಊರಿನ ಗಡಿಯಾರದ ಸಮಯವನ್ನೇ ಮುದ್ರಿಸುತ್ತಾರೆ, ಪ್ಯಾರಿಸ್ಸಿನ ಗಡಿಯಾರ ಲಂಡನ್ನಿಗಿಂತ ಒಂದು ಗಂಟೆ ಮುಂದಿರುತ್ತದೆ. ಆಗ ಕಂಡುಕೊಂಡ ಉಪಾಯವನ್ನು ಈಗಲೂ ಬಳಸುತ್ತೇನೆ: ಹೋಗುವಾಗಿನ 2 ಗಂಟೆ 20 ನಿಮಿಷಕ್ಕೆ ಬರುವಾಗಿನ 20 ನಿಮಿಷವನ್ನು ಕೂಡಿಸಿ ಅರ್ಧ ಮಾಡಿದರೆ ಗಡಿಯಾರದ ವ್ಯತ್ಯಾಸ ತಾನಾಗಿಯೇ ವಜಾ ಆಗಿ, 1 ಗಂಟೆ 20 ನಿಮಿಷವೆಂಬ ನಿಜವಾದ ಅವಧಿ ಉಳಿಯುತ್ತದೆ.

ದೂರವನ್ನೂ ಕಾಗದದ ಮೇಲೆ ನಾನೇ ಲೆಕ್ಕ ಹಾಕಿದೆ. ಹೀಥ್ರೂ 51.47 ಡಿಗ್ರಿ, ಶಾರ್ಲ್ ದ ಗಾಲ್ 49.01 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಹಿಡಿದರೆ ದಕ್ಷಿಣಕ್ಕೆ 273 ಕಿ.ಮೀ. ಆಯಿತು. ರೇಖಾಂಶದ ಅಂತರ 3 ಡಿಗ್ರಿ, ಆದರೆ ಧ್ರುವದತ್ತ ಹೋದಂತೆ ರೇಖಾಂಶಗಳು ಹತ್ತಿರವಾಗುವುದರಿಂದ 50 ಡಿಗ್ರಿಯ ಕೊಸೈನ್, ಅಂದರೆ ಸುಮಾರು 0.64ರಿಂದ ಗುಣಿಸಬೇಕು, ಪೂರ್ವಕ್ಕೆ 213 ಕಿ.ಮೀ. ಬರುತ್ತದೆ. ಲಂಬಕೋನ ತ್ರಿಭುಜದ ಸೂತ್ರ ಹಾಕಿದರೆ ಕರ್ಣ ಸುಮಾರು 346 ಕಿ.ಮೀ., ಬೆಂಗಳೂರಿನಿಂದ ಚೆನ್ನೈಗೆ ರಸ್ತೆಯಲ್ಲಿ ಹೋದಷ್ಟು. ಇಷ್ಟು ಸಣ್ಣ ದೂರಕ್ಕೆ ಭೂಮಿಯ ದುಂಡುತನದಿಂದಾಗುವ ವ್ಯತ್ಯಾಸ ಗಣನೆಗೆ ಬರುವಷ್ಟಿಲ್ಲ.

ಗಂಟೆಗೆ 800 ಕಿ.ಮೀ. ವೇಗದಲ್ಲಿ ಈ ದೂರ 26 ನಿಮಿಷದ ದಾರಿ. ಉಳಿದ ಹೊತ್ತು ರನ್‌ವೇಯ ಸರದಿಯಲ್ಲಿ, ಏರುವುದರಲ್ಲಿ, ಇಳಿಯುವುದರಲ್ಲಿ ಕಳೆದುಹೋಗುತ್ತದೆ. ಮರಳುವಾಗ ಒಮ್ಮೆ ನಮ್ಮ ವಿಮಾನ ಇಳಿಯುವ ಸರದಿಗಾಗಿ ಲಂಡನ್ನಿನ ಆಗ್ನೇಯ ಅಂಚಿನ ಬಿಗಿನ್ ಹಿಲ್ ಮೇಲೆ ಎರಡು ಸುತ್ತು ಹಾಕಿಯೇ ಇಳಿಯಿತು.

ಆದರೆ ನನಗೆ ಮುಖ್ಯವಾದದ್ದು ಮನೆಯ ಬಾಗಿಲಿನಿಂದ ಕಚೇರಿಯ ಬಾಗಿಲಿಗೆ ಹಿಡಿಯುವ ಸಮಯ. ಆ ವಿಮಾನಕ್ಕಾಗಿ 6:00ಕ್ಕೇ ಮನೆ ಬಿಟ್ಟೆ. ಪ್ಯಾರಿಸ್ಸಿನಲ್ಲಿ ಪಾಸ್‌ಪೋರ್ಟ್ ಸಾಲಿನಲ್ಲಿ ನಲವತ್ತು ನಿಮಿಷ ನಿಂತು, ಆರ್‌ಇಆರ್ ಬಿ ಎಂಬ ಉಪನಗರ ರೈಲು ಹಿಡಿದು ಗಾರ್ ದ್ಯು ನಾರ್ ರೈಲು ನಿಲ್ದಾಣದ ಪಕ್ಕದ ಕಚೇರಿ ಸೇರಿದಾಗ ಅಲ್ಲಿನ ಗಡಿಯಾರದಲ್ಲಿ 1:00 ಆಗಿತ್ತು: ಒಟ್ಟು 6 ಗಂಟೆ. ಮುಂದಿನ ತಿಂಗಳು ಲಂಡನ್ನಿನಿಂದ ನೇರವಾಗಿ ಇದೇ ನಿಲ್ದಾಣಕ್ಕೆ ಬರುವ ಯೂರೋಸ್ಟಾರ್ ರೈಲಿನಲ್ಲಿ ಹೋದೆ. ಹಳಿಯ ಮೇಲೆ ದೂರ 492 ಕಿ.ಮೀ., ಅದರಲ್ಲಿ ಸುಮಾರು 50 ಕಿ.ಮೀ. ಇಂಗ್ಲಿಷ್ ಕಡಲ್ಗಾಲುವೆಯಡಿ ಹಾಯುವ, 1994ರಲ್ಲಿ ತೆರೆದ ಚಾನೆಲ್ ಸುರಂಗ; ಆದರೂ ಗಂಟೆಗೆ 300 ಕಿ.ಮೀ.ವರೆಗಿನ ವೇಗದಿಂದಾಗಿ ಪ್ರಯಾಣ ಎರಡೂಕಾಲು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಫ್ರಾನ್ಸಿನ ಗಡಿ ತಪಾಸಣೆ ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಲ್ಲೇ ಮುಗಿದಿರುವುದರಿಂದ ಇಳಿದವರು ನೇರವಾಗಿ ಬೀದಿಗೆ ನಡೆಯಬಹುದು. ಅಂದು ನನಗೆ ಹಿಡಿದದ್ದು ನಾಲ್ಕೂಮುಕ್ಕಾಲು ಗಂಟೆ.

ಹೀಥ್ರೂ ಪಕ್ಕದಲ್ಲೇ ಮನೆಯಿದ್ದು, ಶಾರ್ಲ್ ದ ಗಾಲ್ ಸಮೀಪವೇ ಕೆಲಸವಿರುವವರಿಗೆ ವಿಮಾನವೇ ಲೇಸು. ನಾನು ಮಾತ್ರ ಅಲ್ಲಿಂದೀಚೆಗೆ ಪ್ಯಾರಿಸ್ಸಿಗೆ ರೈಲಿನಲ್ಲೇ ಹೋಗುತ್ತಿದ್ದೇನೆ.