ಹದಿಹರೆಯದ ಮಕ್ಕಳ ತೂಕ ಏರುತ್ತಿದೆಯೇ? ಬೈಯುವ ಮೊದಲು ಮನೆಯಲ್ಲಿ ಹೀಗೆ ನೋಡಿ

ಹದಿಮೂರು, ಹದಿನಾಲ್ಕರ ಮಕ್ಕಳು ದಪ್ಪಗಾದರೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಮೈಕೈ ತುಂಬಿಕೊಂಡಿದೆ, ದೃಷ್ಟಿ ತೆಗೀರಿ’ ಅನ್ನುವುದು ಅಜ್ಜಿಯ ಮಾತು. ‘ಬಾಯಿ ಕಟ್ಟು’ ಅನ್ನುವುದು ಅಪ್ಪ ಅಮ್ಮನ ಬೈಗುಳ. ಎರಡರಿಂದಲೂ ಮಗುವಿಗೆ ಉಪಯೋಗವಿಲ್ಲ. ಮನೆಗೆ ಏನು ತರುತ್ತೇವೆ, ಟ್ಯೂಷನ್ ಎಷ್ಟು ಹೊತ್ತಿಗೆ, ರಾತ್ರಿ ಮಲಗುವುದು ಯಾವಾಗ ಎಂದು ತೀರ್ಮಾನಿಸುವವರು ದೊಡ್ಡವರು. ತೂಕದ ಕಾರಣ ಹುಡುಕುವುದೂ ಅಲ್ಲಿಂದಲೇ ಶುರುವಾಗಬೇಕು.

ನಿಮ್ಮ ಮನೆಯಲ್ಲಿ ಮಾತ್ರ ಹೀಗಾಗಿದೆ ಅಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, 2022ರಲ್ಲಿ ಜಗತ್ತಿನ 5ರಿಂದ 19 ವರ್ಷದವರಲ್ಲಿ 39 ಕೋಟಿಗೂ ಹೆಚ್ಚು ಮಂದಿಗೆ ಅಧಿಕ ತೂಕವಿತ್ತು. ಅವರಲ್ಲಿ 16 ಕೋಟಿ ಮಂದಿಗೆ ಬೊಜ್ಜು. 1990ರಲ್ಲಿ ಈ ವಯಸ್ಸಿನವರಲ್ಲಿ ಬೊಜ್ಜು ಇದ್ದವರು ನೂರಕ್ಕೆ 2, 2022ರಲ್ಲಿ 8. ಭಾರತದಲ್ಲಿ 1990ರಲ್ಲಿ ಸುಮಾರು 4 ಲಕ್ಷ ಮಕ್ಕಳಿಗೆ ಬೊಜ್ಜಿತ್ತು. 2022ರ ಹೊತ್ತಿಗೆ ಅದು ಸುಮಾರು 1.25 ಕೋಟಿ ಆಗಿದೆ. ಹಾಗಂತ ಹಸಿವು ಹೋಗಿಲ್ಲ. 2016-18ರ ರಾಷ್ಟ್ರೀಯ ಪೋಷಣೆ ಸಮೀಕ್ಷೆಯಲ್ಲಿ ಹದಿಹರೆಯದ ನೂರು ಮಕ್ಕಳಲ್ಲಿ 24 ಮಂದಿ ವಯಸ್ಸಿಗಿಂತ ತೆಳ್ಳಗಿದ್ದರು, 5 ಮಂದಿಗೆ ಅಧಿಕ ತೂಕವಿತ್ತು. ಒಂದೇ ತರಗತಿಯಲ್ಲಿ ಎರಡೂ ತೊಂದರೆ ಅಕ್ಕಪಕ್ಕ ಕೂತಿವೆ.

ಮೊದಲು ಅಳತೆ

ಕಣ್ಣಳತೆ ನಂಬಬೇಡಿ. ಚಪ್ಪಲಿ ಬಿಚ್ಚಿಸಿ, ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ. ತೂಕ ನೋಡಿ. ತೂಕವನ್ನು (ಕೆ.ಜಿ.ಯಲ್ಲಿ) ಎತ್ತರದಿಂದ (ಮೀಟರಿನಲ್ಲಿ) ಎರಡು ಸಲ ಭಾಗಿಸಿದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ತೋರುವ ಅಂಕಿ, ಸಿಗುತ್ತದೆ. 155 ಸೆಂ.ಮೀ. ಎತ್ತರ, 60 ಕೆ.ಜಿ. ತೂಕದ ಮಗುವಿಗೆ ಅದು ಸುಮಾರು 25.

ಇಲ್ಲೊಂದು ಎಚ್ಚರ ಬೇಕು. ದೊಡ್ಡವರ ಬಿಎಂಐ ಪಟ್ಟಿ ಮಕ್ಕಳಿಗೆ ಹೊಂದುವುದಿಲ್ಲ. ಮಕ್ಕಳಲ್ಲಿ ವಯಸ್ಸಿನ ಜೊತೆ ಬಿಎಂಐ ಬದಲಾಗುತ್ತದೆ, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಇರುತ್ತದೆ. ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ ನಮ್ಮ ಮಕ್ಕಳಿಗಾಗಿಯೇ ಬೆಳವಣಿಗೆಯ ಚಾರ್ಟ್ ಕೊಟ್ಟಿದೆ. ದೊಡ್ಡವರಾದ ಮೇಲೆ ಬಿಎಂಐ 23 ಮತ್ತು 27ಕ್ಕೆ ಹೋಗಿ ಮುಟ್ಟುವ ಎರಡು ಗೆರೆಗಳು ಅದರಲ್ಲಿವೆ. ಮೊದಲ ಗೆರೆ ದಾಟಿದರೆ ಅಧಿಕ ತೂಕ, ಎರಡನೆಯದು ದಾಟಿದರೆ ಬೊಜ್ಜು. ಮಕ್ಕಳ ಡಾಕ್ಟರ ಹತ್ತಿರ ಈ ಚಾರ್ಟ್ ಇರುತ್ತದೆ, ಕೇಳಿ ನೋಡಿ.

ನಂತರ ಸೊಂಟ ಅಳೆಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪ್ ಇಟ್ಟು, ಉಸಿರು ಬಿಟ್ಟ ಮೇಲೆ ನೋಡಬೇಕು. ಸೊಂಟ ಎತ್ತರದ ಅರ್ಧಕ್ಕಿಂತ ಜಾಸ್ತಿ ಇದ್ದರೆ ಹೊಟ್ಟೆಯಲ್ಲಿ ಕೊಬ್ಬು ಸೇರುತ್ತಿದೆ ಎಂದರ್ಥ. ನಮ್ಮವರಿಗೆ ಈ ಅಳತೆ ತುಂಬಾ ಮುಖ್ಯ. ಭಾರತದ ನವಜಾತ ಶಿಶುಗಳು ತೂಕದಲ್ಲಿ ಬ್ರಿಟನ್ನಿನ ಶಿಶುಗಳಿಗಿಂತ ಚಿಕ್ಕವಾದರೂ ಅವುಗಳ ಮೈಕೊಬ್ಬು ಅಷ್ಟು ಕಡಿಮೆ ಇರುವುದಿಲ್ಲ ಎಂದು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ತೋರಿಸಿದ್ದಾರೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಬಂದ ಮಗು ತೂಕದ ಯಂತ್ರದ ಮೇಲೆ ಸರಿಯಾಗಿಯೇ ಕಾಣಬಹುದು.

ಒಂದು ವಾರ ಬರೆದಿಡಿ, ಮನೆಯವರೆಲ್ಲರದ್ದೂ

ಮಗು ಒಬ್ಬನದೇ ಬರೆದರೆ ಅದು ತನಿಖೆಯಾಗುತ್ತದೆ. ಎಲ್ಲರದ್ದೂ ಬರೆಯಿರಿ: ಏನು ತಿಂದೆವು, ಏನು ಕುಡಿದೆವು, ಎಷ್ಟು ಹೊತ್ತು ಆಡಿದೆವು, ಎಷ್ಟೊತ್ತಿಗೆ ಮಲಗಿದೆವು. ಲೆಕ್ಕಾಚಾರ ಬೇಡ, ಸುಮ್ನೆ ಬರೆದರೆ ಸಾಕು. ವಾರ ಕಳೆದು ಓದಿದಾಗ ಯಾವ ಹೊತ್ತಿನಲ್ಲಿ ತಪ್ಪುತ್ತಿದೆ ಎಂದು ತಾನೇ ಕಾಣುತ್ತದೆ.

ಬಹಳ ಮನೆಗಳಲ್ಲಿ ಆ ಹೊತ್ತು ಸಂಜೆ 4ರಿಂದ 8. ಬೆಳಿಗ್ಗೆ ಅವಸರದಲ್ಲಿ ಅರ್ಧ ಇಡ್ಲಿ, ಮಧ್ಯಾಹ್ನ ಡಬ್ಬಿ ಅರ್ಧ ವಾಪಸ್. ಶಾಲೆ ಬಿಟ್ಟಾಗ ಹೊಟ್ಟೆ ಕೂಗುತ್ತಿರುತ್ತದೆ. ಮನೆಯಲ್ಲಿ ಯಾರೂ ಇರುವುದಿಲ್ಲ, ಅಥವಾ ನೇರ ಟ್ಯೂಷನ್ನಿಗೇ ಹೋಗಬೇಕು. ದಾರಿಯಲ್ಲಿ ಬೇಕರಿ, ಗೋಬಿ ಮಂಚೂರಿ ಗಾಡಿ. ಅಷ್ಟು ಹಸಿದ ಮಗು ಪಫ್ಸ್ ತಿಂದರೆ ಅದನ್ನು ಚಪಲ ಅನ್ನಬಹುದೇ?

ಹಾಗಾಗಿ ಮೊದಲ ಬದಲಾವಣೆ ಇಲ್ಲಿ. ಬೆಳಿಗ್ಗೆ ಕೂತು ತಿನ್ನಲು ಹದಿನೈದು ನಿಮಿಷ ಉಳಿಸಿ. ಸಂಜೆಗೆ ಎರಡನೇ ಡಬ್ಬಿ ಕೊಡಿ: ಕಡಲೆಕಾಳು ಉಸ್ಲಿ, ಬೇಯಿಸಿದ ಕಡಲೆಕಾಯಿ, ಮೊಟ್ಟೆ, ಬಾಳೆಹಣ್ಣು, ರಾಗಿ ರೊಟ್ಟಿ. ಮನೆಯಲ್ಲಿ ಚುರುಮುರಿ ಕಲಸಿಕೊಟ್ಟರೆ ಮಕ್ಕಳು ಬೇಡ ಅನ್ನುವುದಿಲ್ಲ. ರಾತ್ರಿ ಅನ್ನ ನಿಲ್ಲಿಸಬೇಕಿಲ್ಲ. ಆದರೆ ತಟ್ಟೆ ತುಂಬ ಅನ್ನ, ಮೂಲೆಯಲ್ಲಿ ಒಂದು ಚಮಚ ಪಲ್ಯ ಅನ್ನುವ ನಮ್ಮ ಬಡಿಸುವ ರೀತಿ ತಿರುಗಬೇಕು. ಪಲ್ಯ, ಕೋಸಂಬರಿ, ಸೊಪ್ಪಿನ ಸಾರು ಮೊದಲು ಬರಲಿ. ದೊಡ್ಡವರ ತಟ್ಟೆಯಲ್ಲೂ ಅದೇ ಇರಲಿ.

ಕುಡಿಯುವುದರ ಮೇಲೆ ಕಣ್ಣಿಡಿ

ಕೋಲಾದಂಥ ಪಾನೀಯದಲ್ಲಿ 100 ಎಂ.ಎಲ್.ಗೆ ಸುಮಾರು 10-11 ಗ್ರಾಂ ಸಕ್ಕರೆ ಇರುತ್ತದೆ. 300 ಎಂ.ಎಲ್. ಕುಡಿದರೆ 30 ಗ್ರಾಂ ದಾಟಿತು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಹೊರಗಿನಿಂದ ಸೇರಿಸಿದ ಸಕ್ಕರೆ 50 ಗ್ರಾಂ ಮೀರಬಾರದು, 25ರೊಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕುಡಿದ ಸಕ್ಕರೆಯಿಂದ ಹೊಟ್ಟೆ ತುಂಬಿದಂತೆ ಅನಿಸುವುದೂ ಇಲ್ಲ. ಪ್ಯಾಕೆಟ್ ಜ್ಯೂಸ್ ಬೇರೆ ಅಂದುಕೊಳ್ಳಬೇಡಿ. ಹಾಲಿಗೆ ಹಾಕುವ ಪುಡಿಯ ಡಬ್ಬಿ ತಿರುಗಿಸಿ ಓದಿ, ‘ಆರೋಗ್ಯಕ್ಕೆ’ ಅಂತ ತಂದದ್ದರಲ್ಲಿ ಎಷ್ಟು ಸಕ್ಕರೆ ಇದೆ ನೋಡಿ. ಎಲ್ಲಕ್ಕಿಂತ ಸುಲಭದ ಬದಲಾವಣೆ ಇದೇ: ಮನೆಗೆ ತರುವುದನ್ನು ನಿಲ್ಲಿಸುವುದು. ನೀರು, ಮಜ್ಜಿಗೆ ಸಾಕು.

ನಿದ್ದೆ

ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನ ಪ್ರಕಾರ ಊಟದಷ್ಟೇ ದೊಡ್ಡ ಕಾರಣ ಇದು. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಎಸ್ಸೆಸ್ಸೆಲ್ಸಿ ಮಕ್ಕಳಲ್ಲಿ ಎಷ್ಟು ಜನಕ್ಕೆ ಸಿಗುತ್ತಿದೆ? ನಿದ್ದೆಗೆಟ್ಟರೆ ಹಸಿವು ಹೆಚ್ಚಿಸುವ ಹಾರ್ಮೋನು ಏರುತ್ತದೆ, ಸಾಕು ಅನ್ನಿಸುವ ಹಾರ್ಮೋನು ಇಳಿಯುತ್ತದೆ. ಸಿಹಿ, ಕರಿದದ್ದು ಬೇಕೆನಿಸುತ್ತದೆ. ಮರುದಿನ ಆಡಲು ಚೈತನ್ಯವಿರುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು 2007ರಲ್ಲೇ ಪ್ರಕಟಿಸಿದ ಅಧ್ಯಯನದಲ್ಲಿ ಕಡಿಮೆ ನಿದ್ದೆಗೂ, ಜಾಸ್ತಿ ಟಿವಿಗೂ, ಮಕ್ಕಳ ಅಧಿಕ ತೂಕಕ್ಕೂ ನಂಟು ಕಂಡಿತ್ತು. ಆಗ ಟಿವಿ ಹಜಾರದಲ್ಲಿತ್ತು. ಈಗ ಮೊಬೈಲು ಹಾಸಿಗೆಗೇ ಬಂದಿದೆ.

ರಾತ್ರಿ ಹತ್ತಕ್ಕೆ ಮನೆಯ ಎಲ್ಲಾ ಫೋನುಗಳೂ ಹಜಾರದಲ್ಲಿ ಚಾರ್ಜಿಗೆ ಹೋಗಲಿ, ಅಪ್ಪನದ್ದೂ ಸೇರಿ. ಬೆಳಗಿನ ಟ್ಯೂಷನ್, ಸಂಜೆಯ ಟ್ಯೂಷನ್ ಎರಡೂ ಬೇಕೇ ಎಂದು ಕೂತು ಯೋಚಿಸಿ.

ಮೈ ದಣಿಯಲಿ

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಂಥ ಚಟುವಟಿಕೆ ಬೇಕು. ಒಟ್ಟಿಗೇ ಆಗಬೇಕೆಂದಿಲ್ಲ. ಮೆಟ್ಟಿಲು, ಸೈಕಲ್, ಸ್ಕಿಪ್ಪಿಂಗ್, ಕಬಡ್ಡಿ, ಏನಾದರೂ ಸರಿ. ಹುಡುಗಿಯರ ಬಗ್ಗೆ ಬೇರೆಯಾಗಿಯೇ ಹೇಳಬೇಕು. ದೊಡ್ಡವಳಾದ ಮೇಲೆ ‘ಬೀದಿಯಲ್ಲಿ ಆಡಬೇಡ’ ಎಂದು ನಾವೇ ಒಳಗೆ ಕೂರಿಸುತ್ತೇವೆ. ಆಮೇಲೆ ದಪ್ಪಗಾದಳು ಅನ್ನುತ್ತೇವೆ. ಇದು ಅನ್ಯಾಯ ಅಲ್ವಾ?

ಶಾಲೆಯಲ್ಲೂ ಕೇಳಬೇಕಾದದ್ದಿದೆ. ಪಿ.ಟಿ. ಪೀರಿಯಡ್ ನಿಜವಾಗಿ ನಡೆಯುತ್ತಿದೆಯೇ, ಗಣಿತಕ್ಕೆ ಹೋಗುತ್ತಿದೆಯೇ? ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸನ್ನು ಶಾಲೆಯೊಳಗೆ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು ಎಂದು 2020ರ ಆಹಾರ ಸುರಕ್ಷತಾ ನಿಯಮವಿದೆ. ಪೋಷಕರ ಸಭೆಯಲ್ಲಿ ಅಂಕಗಳ ಜೊತೆ ಇದನ್ನೂ ಕೇಳಿ.

ಮಾಡಲೇಬಾರದ್ದು

ಹೆಸರಿಡುವುದು, ನೆಂಟರ ಮುಂದೆ ಹಂಗಿಸುವುದು, ತಂಗಿಯ ಜೊತೆ ಹೋಲಿಸುವುದು. ಹಂಗಿಸಿಕೊಂಡ ಮಗು ಕದ್ದು ತಿನ್ನಲು ಕಲಿಯುತ್ತದೆ, ಆಟದಿಂದ ದೂರ ಸರಿಯುತ್ತದೆ. ಉಪವಾಸ, ಇಂಟರ್ನೆಟ್ಟಿನ ಡಯೆಟ್, ತೂಕ ಇಳಿಸುವ ಪುಡಿ ಇವೆಲ್ಲ ಬೆಳೆಯುವ ದೇಹಕ್ಕೆ ಅಪಾಯ. ಎತ್ತರ ಇನ್ನೂ ಏರುತ್ತಿರುವ ಮಗುವಿನ ತೂಕ ನಿಂತಲ್ಲೇ ನಿಂತರೂ ಬಹಳ ಸಲ ಸಾಕಾಗುತ್ತದೆ. ಮೇಲೆ ಹೇಳಿದ 60 ಕೆ.ಜಿ.ಯ ಮಗು ಅದೇ ತೂಕದಲ್ಲಿ 162 ಸೆಂ.ಮೀ.ಗೆ ಬೆಳೆದರೆ ಬಿಎಂಐ 23ಕ್ಕಿಂತ ಕೆಳಗೆ ಬರುತ್ತದೆ.

ಡಾಕ್ಟರ ಹತ್ತಿರ ಯಾವಾಗ?

‘ಥೈರಾಯ್ಡ್ ಇರಬಹುದು’ ಎಂದು ಎಲ್ಲರೂ ಮೊದಲು ಹೇಳುತ್ತಾರೆ. ಹಾರ್ಮೋನಿನಿಂದ ಬರುವ ಬೊಜ್ಜು ಅಪರೂಪ. ಅಂಥ ಮಕ್ಕಳಲ್ಲಿ ಸಾಮಾನ್ಯವಾಗಿ ಎತ್ತರವೂ ಕುಂಠಿತವಾಗುತ್ತದೆ. ತೂಕ ಏರುತ್ತಾ ಎತ್ತರ ನಿಂತಿದ್ದರೆ ತಡಮಾಡದೆ ತೋರಿಸಿ. ಸ್ಟಿರಾಯ್ಡ್ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ಹೇಳಿ.

ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗಿದೆಯೇ? ಉಜ್ಜಿದರೆ ಹೋಗುವ ಕೊಳೆ ಅಲ್ಲ ಅದು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಗುರುತು. ಜೋರು ಗೊರಕೆ, ಹಗಲೆಲ್ಲ ತೂಕಡಿಕೆ, ಹುಡುಗಿಯರಲ್ಲಿ ತಿಂಗಳುಗಟ್ಟಲೆ ನಿಲ್ಲುವ ಮುಟ್ಟು ಇವನ್ನೂ ಕಡೆಗಣಿಸಬೇಡಿ. ದಪ್ಪಗಿರುವ ಮಗು ಸೊಂಟದ ಕೀಲು ಅಥವಾ ಮಂಡಿ ನೋವೆಂದು ಕುಂಟುತ್ತಿದ್ದರೆ ಅದೇ ದಿನ ಮೂಳೆ ಡಾಕ್ಟರಿಗೆ ತೋರಿಸಿ, ತೊಡೆಮೂಳೆಯ ತಲೆ ಜಾರಿರುವ ಸಾಧ್ಯತೆ ಇರುತ್ತದೆ.

ಬಸುರಿಯಲ್ಲಿ ತಾಯಿಗೆ ಸಕ್ಕರೆ ಕಾಯಿಲೆ ಇತ್ತೇ ಎಂಬುದನ್ನೂ ಡಾಕ್ಟರಿಗೆ ತಿಳಿಸಿ. ಅಂಥ ತಾಯಂದಿರ ಮಕ್ಕಳಲ್ಲಿ ಮುಂದೆ ಕೊಬ್ಬಿನಂಶ ಜಾಸ್ತಿ ಇರುವುದನ್ನು ಮೈಸೂರಿನಲ್ಲಿ 1997-98ರಿಂದ ತಾಯಿ ಮಕ್ಕಳನ್ನು ಹಿಂಬಾಲಿಸುತ್ತಾ ಬಂದ ಅಧ್ಯಯನ ತೋರಿಸಿದೆ. ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್, ಲಿವರ್ ಪರೀಕ್ಷೆಗಳನ್ನು ಡಾಕ್ಟರು ಬರೆದುಕೊಡಬಹುದು. ಹೋಗುವಾಗ ಆ ಒಂದು ವಾರದ ಪಟ್ಟಿಯನ್ನೂ ಹಳೆಯ ಎತ್ತರ, ತೂಕದ ದಾಖಲೆಯನ್ನೂ ತೆಗೆದುಕೊಂಡು ಹೋಗಿ. ಅಲ್ಲಿ ಸ್ವಲ್ಪ ಹೊತ್ತು ಮಗು ಒಬ್ಬನೇ ಡಾಕ್ಟರ ಜೊತೆ ಮಾತಾಡಲು ಬಿಟ್ಟು ನೀವು ಹೊರಗೆ ಕೂತಿರಿ. ನಮ್ಮ ಮುಂದೆ ಹೇಳದ ಎಷ್ಟೋ ಮಾತು ಆಗ ಬರುತ್ತದೆ.