ಇಟಲಿಯ ಟೋಲ್ ಗೇಟಿನಲ್ಲಿ ಹಳದಿ ಲೇನ್ ಹಿಡಿಯಬೇಡಿ

ಮ್ಯೂನಿಕ್‌ನಲ್ಲಿ ಬಾಡಿಗೆ ಕಾರು ತೆಗೆದುಕೊಂಡು, ಇನ್ಸ್‌ಬ್ರುಕ್ ದಾಟಿ, ವೆರೋನಾ, ಮಿಲಾನ್ ನೋಡಿಕೊಂಡು ಸ್ವಿಟ್ಜರ್ಲೆಂಡ್ ಮೇಲೆ ವಾಪಸ್ ಬರುವ ಸುತ್ತು ಹತ್ತು ದಿನದ ರಜೆಗೆ ಹೇಳಿ ಮಾಡಿಸಿದ್ದು. ದಾರಿಯಲ್ಲಿ ನಾಲ್ಕು ದೇಶ ಸಿಗುತ್ತವೆ, ಟೋಲ್ ವ್ಯವಸ್ಥೆ ಒಂದೊಂದರಲ್ಲಿ ಒಂದೊಂದು ಥರ. ಜರ್ಮನಿಯ ಹೆದ್ದಾರಿಯಲ್ಲಿ ಕಾರಿಗೆ ಟೋಲ್ ಇಲ್ಲ. ಹಾಕಬೇಕೆಂದು ಅಲ್ಲಿನ ಸರ್ಕಾರ ಹೊರಟಿದ್ದನ್ನು ಯುರೋಪಿನ ನ್ಯಾಯಾಲಯ 2019ರಲ್ಲಿ ತಡೆಯಿತು. ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡ್‌ನಲ್ಲಿ ದಿನಕ್ಕೋ ವರ್ಷಕ್ಕೋ ಒಟ್ಟಾಗಿ ಕಟ್ಟುವ ವಿನೆಟ್ ಎಂಬ ರಸ್ತೆ ಪಾಸು ಇದೆ. ಇಟಲಿಯಲ್ಲಿ ಓಡಿದಷ್ಟು ಕಿಲೋಮೀಟರಿಗೆ ದುಡ್ಡು. ಗಾಜಿಗೆ ಅಂಟಿಸಿದ ಒಂದು ಫಾಸ್ಟ್ಯಾಗ್‌ನಲ್ಲಿ ಬೀದರ್‌ನಿಂದ ಕನ್ಯಾಕುಮಾರಿವರೆಗೆ ಹೋಗಿ ಅಭ್ಯಾಸವಾದವರು ಎಡವುವುದು ಇಲ್ಲೇ.

ಊರು ಬಿಡುವ ಮೊದಲು: ಕಾರ್ಡು

ಬ್ಯಾಂಕಿನ ಆ್ಯಪ್ ತೆರೆದು ಕಾರ್ಡಿನ ವಿದೇಶಿ ಬಳಕೆ ಮತ್ತು ಟ್ಯಾಪ್ ಮಾಡಿ ಪಾವತಿಸುವ ಸೌಲಭ್ಯ ಎರಡನ್ನೂ ಆನ್ ಮಾಡಿ. ರಿಸರ್ವ್ ಬ್ಯಾಂಕಿನ 2020ರ ನಿಯಮದ ನಂತರ ಹೊಸ ಕಾರ್ಡುಗಳಲ್ಲಿ ಇವು ಮುಚ್ಚಿಕೊಂಡೇ ಬರುತ್ತವೆ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲದ ಎರಡು ಬೇರೆ ಬೇರೆ ಕಾರ್ಡು ಜೊತೆಗಿರಲಿ, ಅವುಗಳಲ್ಲಿ ಒಂದಾದರೂ ಕ್ರೆಡಿಟ್ ಕಾರ್ಡ್ ಆಗಿರಲಿ. ಪ್ರಿಪೇಯ್ಡ್ ಫಾರೆಕ್ಸ್ ಕಾರ್ಡೊಂದನ್ನೇ ನಂಬಿ ಹೋಗಬೇಡಿ. ಅಂಗಡಿಯಲ್ಲಿ ಚೆನ್ನಾಗಿ ನಡೆಯುವ ಕಾರ್ಡನ್ನೂ ಟೋಲ್ ಯಂತ್ರ ಒಮ್ಮೊಮ್ಮೆ ತಿರಸ್ಕರಿಸುತ್ತದೆ. ಪಿನ್ ಬಾಯಿಪಾಠ ಇರಬೇಕು. ವಿನೆಟ್ ಅನ್ನು ಆನ್‌ಲೈನ್‌ನಲ್ಲಿ ಕೊಳ್ಳುವಾಗ ಒಟಿಪಿ ಕೇಳಬಹುದು, ಹಾಗಾಗಿ ಭಾರತದ ಸಿಮ್‌ನಲ್ಲಿ ರೋಮಿಂಗ್ ಚಾಲೂ ಇರಲಿ. ಇದರ ಜೊತೆಗೆ 5 ಮತ್ತು 10 ಯೂರೊ ನೋಟು, ಒಂದಿಷ್ಟು ನಾಣ್ಯ ಸೇರಿ 30 ಯೂರೊದಷ್ಟು ಚಿಲ್ಲರೆ ಕಾರಿನಲ್ಲೇ ಇಟ್ಟಿರಿ.

ಕಾರು ಕೈಗೆ ಬಂದ ಕೂಡಲೇ: ನಂಬರ್ ಪ್ಲೇಟ್

ಡಿಜಿಟಲ್ ವಿನೆಟ್ ಅಂಟಿಕೊಳ್ಳುವುದು ನಂಬರ್ ಪ್ಲೇಟಿಗೆ. ಬಾಡಿಗೆ ಕಾರಿನ ನಂಬರ್ ಕೀಲಿ ಕೈಗೆ ಬರುವವರೆಗೆ ಗೊತ್ತಾಗುವುದಿಲ್ಲವಾದ್ದರಿಂದ ಬೆಂಗಳೂರಿನಲ್ಲೇ ಕೊಂಡುಬಿಡುತ್ತೇವೆ ಎನ್ನುವಂತಿಲ್ಲ. ಪಾರ್ಕಿಂಗ್‌ನಲ್ಲೇ ಪ್ಲೇಟಿನ ಫೋಟೊ ತೆಗೆಯಿರಿ. ಈ ಕಾರಿಗೆ ಆಸ್ಟ್ರಿಯಾದ್ದೋ ಸ್ವಿಟ್ಜರ್ಲೆಂಡ್‌ದೋ ವಿನೆಟ್ ಮೊದಲೇ ಇದೆಯೇ, ಗಡಿ ದಾಟಲು ಅನುಮತಿ ಇದೆಯೇ ಎಂದು ಕೌಂಟರಿನಲ್ಲಿ ಕೇಳಿ, ಉತ್ತರವನ್ನು ಒಪ್ಪಂದದ ಕಾಗದದ ಮೇಲೆ ಬರೆಸಿಕೊಳ್ಳಿ.

ಅರ್ಜಿ ತುಂಬುವಾಗ ಆಗುವ ತಪ್ಪು ಎರಡು. ಕಾರು ನೋಂದಣಿಯಾದ ದೇಶ ಕೇಳಿದಲ್ಲಿ ಚಾಲಕನ ದೇಶವೆಂದುಕೊಂಡು ಭಾರತ ಎಂದು ತುಂಬುವುದು ಮೊದಲನೆಯದು. ಮ್ಯೂನಿಕ್‌ನಲ್ಲಿ ತೆಗೆದುಕೊಂಡ ಕಾರಿಗೆ ಸಾಮಾನ್ಯವಾಗಿ ಅಲ್ಲಿ ಜರ್ಮನಿ ಬರಬೇಕು. ಪ್ಲೇಟಿನ ಎಡತುದಿಯ ನೀಲಿ ಪಟ್ಟಿಯಲ್ಲಿ ‘ಡಿ’ ಅಕ್ಷರ ಇದ್ದರೆ ಸಂಶಯವೇ ಬೇಡ. ಎರಡನೆಯದು ‘ಓ’ ಅಕ್ಷರ ಮತ್ತು ಸೊನ್ನೆಯ ಗೊಂದಲ. ಜರ್ಮನ್ ಪ್ಲೇಟಿನಲ್ಲಿ ಮೊದಲು ಊರಿನ ಸಂಕೇತದ ಅಕ್ಷರಗಳು, ಆಮೇಲೆ ಒಂದೋ ಎರಡೋ ಅಕ್ಷರ, ಕೊನೆಗೆ ಅಂಕಿಗಳು. ಗುಂಡಗಿನ ಗುರುತು ಅಕ್ಷರದ ಭಾಗದಲ್ಲಿದ್ದರೆ ಅದು ‘ಓ’, ಅಂಕಿಯ ಭಾಗದಲ್ಲಿದ್ದರೆ ಸೊನ್ನೆ. ವಿದ್ಯುತ್ ಕಾರಾದರೆ ಅಂಕಿಗಳ ನಂತರ ಸಾಮಾನ್ಯವಾಗಿ ‘ಇ’ ಇರುತ್ತದೆ, ಅದನ್ನೂ ಬಿಡದೆ ತುಂಬಿ. ಪ್ಲೇಟಿನಲ್ಲಿ ಒಂದು ಗುರುತು ತಪ್ಪಿದರೂ ಕ್ಯಾಮೆರಾದ ಲೆಕ್ಕದಲ್ಲಿ ನೀವು ದುಡ್ಡೇ ಕಟ್ಟಿಲ್ಲ.

ಆಸ್ಟ್ರಿಯಾ

ಹೆದ್ದಾರಿ ನಡೆಸುವ ಆಸ್ಫಿನಾಗ್ ಸಂಸ್ಥೆಯ ಜಾಲತಾಣ ಇಲ್ಲವೇ ಆ್ಯಪ್‌ನಲ್ಲಿ 10 ದಿನದ ವಿನೆಟ್ ಕೊಳ್ಳಿ. 2025ರ ದರ 12.40 ಯೂರೊ, ಪ್ರತಿ ವರ್ಷ ಸ್ವಲ್ಪ ಏರುತ್ತದೆ. ಒಂದು ದಿನದ್ದು 9.30 ಇತ್ತು. ಮೂರು ಯೂರೊ ಉಳಿಸಲು ಹೋಗಿ ಮರುದಿನಕ್ಕೆ ಮತ್ತೊಂದು ಕೊಳ್ಳುವುದರಲ್ಲಿ ಅರ್ಥವಿಲ್ಲ, 10 ದಿನದ್ದೇ ಸರಿ. ಗಡಿ ದಾಟುವ ಮುನ್ನವೇ ಕೊಂಡಿರಬೇಕು, ಆರಂಭದ ದಿನಾಂಕ ಸರಿಯಾಗಿ ಹಾಕಿರಬೇಕು. ಇಲ್ಲದೆ ಸಿಕ್ಕಿಬಿದ್ದರೆ ದಂಡ ನೂರು ಯೂರೊ ಮೀರುತ್ತದೆ.

ಇಲ್ಲೊಂದು ಎಚ್ಚರಿಕೆ. ವಿನೆಟ್ ಎಂದು ಹುಡುಕಿದರೆ ಮೇಲ್ಗಡೆ ಕಾಣುವ ಜಾಹೀರಾತುಗಳಲ್ಲಿ ಬಹಳಷ್ಟು ಮಧ್ಯವರ್ತಿಗಳವು. ಅದೇ ವಿನೆಟ್ ಅನ್ನು ಸೇವಾ ಶುಲ್ಕ ಸೇರಿಸಿ ಹೆಚ್ಚಿನ ಬೆಲೆಗೆ ಮಾರುತ್ತಾರೆ. ಅಲ್ಲಿ ಕೊಳ್ಳಲೇಬೇಡಿ.

ಇನ್ಸ್‌ಬ್ರುಕ್‌ನಿಂದ ಇಟಲಿ ಗಡಿಗೆ ಏರುವ ಬ್ರೆನ್ನರ್ ಹೆದ್ದಾರಿ, ಅಂದರೆ ಎ13, ವಿನೆಟ್‌ನಲ್ಲಿ ಸೇರಿಲ್ಲ. ಷೋನ್‌ಬರ್ಗ್ ಟೋಲ್ ಗೇಟಿನಲ್ಲಿ ಸುಮಾರು 12 ಯೂರೊ ಬೇರೆ ಕಟ್ಟಬೇಕು. ಆಸ್ಫಿನಾಗ್ ತಾಣದಲ್ಲೇ ಮುಂಚಿತವಾಗಿ ಕಟ್ಟಿದರೆ ಕ್ಯಾಮೆರಾ ಪ್ಲೇಟ್ ಓದಿ ಗೇಟು ಎತ್ತುತ್ತದೆ. ಗೇಟಿನಲ್ಲಿ ಕಾರ್ಡ್ ಕೊಟ್ಟರೂ ಕಷ್ಟವೇನಿಲ್ಲ.

ಇಟಲಿ: ಚೀಟಿ, ಲೇನು, ಗೇಟು

ಗಡಿ ದಾಟಿದ ತಕ್ಷಣ ಬೋರ್ಡಿನ ಬಣ್ಣ ಬದಲಾಗುತ್ತದೆ. ಜರ್ಮನಿ, ಆಸ್ಟ್ರಿಯಾದಲ್ಲಿ ಹೆದ್ದಾರಿಯ ಬೋರ್ಡು ನೀಲಿ. ಇಟಲಿಯಲ್ಲಿ ಆಟೊಸ್ಟ್ರಾಡಾ, ಅಂದರೆ ಹೆದ್ದಾರಿ, ಹಸಿರು; ನೀಲಿ ಎಂದರೆ ಸಾಮಾನ್ಯ ರಸ್ತೆ. ಟೋಲ್ ಬೇಡವೆಂದರೆ ನೀಲಿಯನ್ನು ಹಿಡಿಯಬಹುದು, ಆದರೆ ಸಮಯ ಎರಡು ಪಟ್ಟು ಹಿಡಿದರೂ ಆಶ್ಚರ್ಯವಿಲ್ಲ.

ಎ22ರಲ್ಲಿ ದಕ್ಷಿಣಕ್ಕೆ ಇಳಿಯುವಾಗ ವಿಪಿತೇನೋ ಊರಿನ ಬಳಿ ಮೊದಲ ಗೇಟು. ಇಲ್ಲಿ ದುಡ್ಡು ಕೊಡುವುದಿಲ್ಲ, ಯಂತ್ರದಿಂದ ಚೀಟಿ ತೆಗೆದುಕೊಳ್ಳುತ್ತೀರಿ. ಹೊರಗೆ ಹೋಗುವ ಗೇಟಿನಲ್ಲಿ ಚೀಟಿ ತೂರಿಸಿದಾಗ ಎಲ್ಲಿ ಹತ್ತಿದಿರಿ ಎಂಬ ಲೆಕ್ಕದ ಮೇಲೆ ದರ ಬರುತ್ತದೆ; 100 ಕಿಲೋಮೀಟರಿಗೆ ಅಂದಾಜು 8ರಿಂದ 10 ಯೂರೊ ಎಂದಿಟ್ಟುಕೊಳ್ಳಿ. ಚೀಟಿ ಕಳೆದರೆ ಅತಿ ದೂರದ ಗೇಟಿನಿಂದ ಬಂದಿರೆಂದು ಲೆಕ್ಕ ಹಾಕುತ್ತಾರೆ. ಆದ್ದರಿಂದ ಚೀಟಿ ಪಕ್ಕದ ಸೀಟಿನವರ ಪರ್ಸಿನಲ್ಲಿ, ಮಡಚದೆ ಇರಲಿ. ಡ್ಯಾಶ್‌ಬೋರ್ಡಿನ ಮೇಲಿಟ್ಟು ಕಿಟಕಿ ಇಳಿಸಿದರೆ ಹಾರಿಹೋಗುತ್ತದೆ, ಇಲ್ಲವೇ ಗಾಜಿನ ಸಂದಿಗೆ ಇಳಿಯುತ್ತದೆ.

ಕಷ್ಟವಿರುವುದು ಹೊರಗೆ ಹೋಗುವ ಗೇಟಿನಲ್ಲಿ. ದೊಡ್ಡ ಪ್ಲಾಜಾದಲ್ಲಿ ಹತ್ತು ಹದಿನೈದು ಲೇನುಗಳು ಒಮ್ಮೆಲೇ ಬಿಚ್ಚಿಕೊಳ್ಳುತ್ತವೆ. ಬೋರ್ಡು ಕಾಣುತ್ತಲೇ ವೇಗ ತಗ್ಗಿಸಿ, ತಲೆಯ ಮೇಲಿನ ಫಲಕದ ಬಣ್ಣ ನೋಡಿ. ಹಳದಿ ಬಣ್ಣ, ಮೇಲೆ ಟೆಲಿಪಾಸ್ ಎಂದಿದ್ದರೆ ಅದು ನಮ್ಮ ಫಾಸ್ಟ್ಯಾಗ್ ಲೇನಿನಂಥದು, ಪೆಟ್ಟಿಗೆ ಅಳವಡಿಸಿದ ಕಾರುಗಳಿಗೆ ಮಾತ್ರ. ಸಾಲು ಕಡಿಮೆ ಇದೆ ಎಂದು ನಮ್ಮವರು ನುಗ್ಗುವುದು ಇದಕ್ಕೇ. ನೀಲಿ ಫಲಕದ ಲೇನು ಕಾರ್ಡಿಗೆ ಮಾತ್ರ. ಬಿಳಿ ಫಲಕದಲ್ಲಿ ನೋಟು, ನಾಣ್ಯದ ಚಿತ್ರವಿದ್ದರೆ ನಗದು ನಡೆಯುತ್ತದೆ, ಬಹುತೇಕ ಕಡೆ ಕಾರ್ಡೂ. ಕೈಯ ಚಿತ್ರವಿದ್ದರೆ ಒಳಗೆ ಮನುಷ್ಯ ಕೂತಿರುತ್ತಾನೆ. ಒಂದೇ ಫಲಕದಲ್ಲಿ ಹಳದಿ, ಬಿಳಿ ಎರಡೂ ಇದ್ದರೆ ಆ ಲೇನು ಎರಡಕ್ಕೂ ಸಲ್ಲುತ್ತದೆ.

ಮೊದಲ ಸಲ ಹೋಗುವವರು ಕಣ್ಣುಮುಚ್ಚಿ ಬಿಳಿ ಲೇನ್ ಹಿಡಿಯಿರಿ. ಸಾಲು ಉದ್ದವಿರಬಹುದು, ಹತ್ತು ನಿಮಿಷ ಹೋಗಬಹುದು. ಕಾರ್ಡು ಕೈಕೊಟ್ಟರೂ ನೋಟು ಇದೆಯೆಂಬ ಧೈರ್ಯ ನೀಲಿಯಲ್ಲಿ ಸಿಗುವುದಿಲ್ಲ.

ಅಲ್ಲಿ ಸ್ಟೀರಿಂಗ್ ಎಡಕ್ಕೆ, ಯಂತ್ರವೂ ಎಡಕ್ಕೆ. ನಮ್ಮ ಅಂದಾಜಿನಲ್ಲಿ ನಿಲ್ಲಿಸಿದರೆ ಕೈ ಎಟುಕುವುದಿಲ್ಲ, ಬಾಗಿಲು ತೆಗೆಯಲೂ ಜಾಗವಿರುವುದಿಲ್ಲ. ಎಡಗನ್ನಡಿ ತಾಗದ ಹಾಗೆ ಆದಷ್ಟು ಹತ್ತಿರ ನಿಲ್ಲಿಸಿ. ಮೊದಲು ಚೀಟಿ ತೂರಿಸಿ, ಪರದೆಯಲ್ಲಿ ಮೊತ್ತ ಬರಲಿ, ಆಮೇಲೆ ಕಾರ್ಡ್ ಅಥವಾ ನೋಟು. ಮೊತ್ತ ಬರುವ ಮೊದಲೇ ಕಾರ್ಡ್ ತೂರಿಸಿದರೆ ಯಂತ್ರ ಅದನ್ನು ಹೊರಗೆ ತಳ್ಳುತ್ತದೆ, ಗಾಬರಿ ಅಲ್ಲಿಂದ ಶುರು. ರಸೀದಿಗಾಗಿ ‘ರಿಚೆವೂತಾ’ ಎಂದು ಬರೆದ ಗುಂಡಿ ಒತ್ತಿ. ಒತ್ತಲೇಬೇಕು.

ತಪ್ಪು ಲೇನಿಗೆ ಹೋದಿರಿ, ಗೇಟು ಏಳಲಿಲ್ಲ, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದಾರೆ. ಏನೇ ಆದರೂ ರಿವರ್ಸ್ ಗೇರ್ ಹಾಕಬೇಡಿ. ಟೋಲ್ ಗೇಟಿನಲ್ಲಿ ಹಿಂದಕ್ಕೆ ಬರುವುದು ಇಟಲಿಯ ಕಾನೂನಿನಲ್ಲಿ ದೊಡ್ಡ ಅಪರಾಧ, ಅಪಘಾತಕ್ಕೂ ನೇರ ದಾರಿ. ಯಂತ್ರದ ಮೇಲೆ ಸಹಾಯದ ಗುಂಡಿ ಇರುತ್ತದೆ, ‘ಅಸಿಸ್ಟೆನ್ಸಾ’ ಎಂದು ಬರೆದಿರುತ್ತದೆ. ಅದನ್ನು ಒತ್ತಿ ಕಾಯಿರಿ. ಇಂಗ್ಲಿಷ್‌ನಲ್ಲಿ ‘ನೋ ಟೆಲಿಪಾಸ್’ ಎಂದರೂ ಸಾಕು. ಕಾರ್ಡ್ ಹಿಡಿಯದಿದ್ದರೆ ‘ಲಾ ಕಾರ್ತಾ ನೋನ್ ಫುನ್ಸಿಯೋನಾ’ ಎನ್ನಿ. ಅವರು ಕ್ಯಾಮೆರಾದಲ್ಲಿ ಪ್ಲೇಟ್ ನೋಡಿ, ಪಾವತಿ ಬಾಕಿ ಎಂಬ ಉದ್ದನೆಯ ಚೀಟಿಯೊಂದನ್ನು ಯಂತ್ರದಿಂದ ಹೊರಡಿಸಿ ಗೇಟು ಎತ್ತುತ್ತಾರೆ.

ಈ ಚೀಟಿ ದಂಡವಲ್ಲ. ಹಾಗೆಂದು ರಸೀದಿಯೂ ಅಲ್ಲ, ಸಾಲದ ಪತ್ರ. ಗೇಟು ಎದ್ದಿತಲ್ಲ, ಮುಗಿಯಿತು ಎಂದುಕೊಂಡು ಇದನ್ನು ಕಸದ ಬುಟ್ಟಿಗೆ ಹಾಕಿದವರಿಗೇ ಮುಂದೆ ತೊಂದರೆ. 15 ದಿನದೊಳಗೆ ಕಟ್ಟಿದರೆ ಟೋಲಿನ ಮೊತ್ತ ಮಾತ್ರ, ಒಂದು ಸೆಂಟ್ ಹೆಚ್ಚಿಲ್ಲ. ಕಟ್ಟುವುದು ಎಲ್ಲಿ ಎಂಬುದು ಆ ಚೀಟಿಯ ಮೇಲೇ ಇರುತ್ತದೆ: ಇಟಲಿಯ ಹೆದ್ದಾರಿಗಳು ಒಂದೇ ಕಂಪನಿಯ ಕೈಯಲ್ಲಿಲ್ಲ, ಎ22ರದು ಆಟೊಸ್ಟ್ರಾಡಾ ಡೆಲ್ ಬ್ರೆನ್ನೆರೊ, ಬೇರೆ ಅನೇಕ ರಸ್ತೆಗಳದು ಆಟೊಸ್ಟ್ರಾಡೆ ಪೆರ್ ಲಿಟಾಲಿಯಾ. ಒಬ್ಬರ ತಾಣದಲ್ಲಿ ಇನ್ನೊಬ್ಬರ ಚೀಟಿ ಹುಡುಕಿದರೆ ಸಿಗದು. ಅದೇ ರಾತ್ರಿ ಹೋಟೆಲಿನಲ್ಲಿ ಕೂತು ಚೀಟಿಯ ಸಂಖ್ಯೆ, ಪ್ಲೇಟ್ ನಂಬರ್ ಹಾಕಿ ಕಟ್ಟಿಬಿಡಿ. ಪಾವತಿಯ ಪುಟವನ್ನು ಸ್ಕ್ರೀನ್‌ಶಾಟ್ ತೆಗೆದಿಡಿ.

ಬಾಡಿಗೆ ಕಂಪನಿ ಟೆಲಿಪಾಸ್ ಪೆಟ್ಟಿಗೆಯನ್ನು ದಿನದ ಲೆಕ್ಕದಲ್ಲಿ ಕೊಡುತ್ತೇನೆ ಎಂದರೆ, ಇಟಲಿಯಲ್ಲಿ ಒಂದು ವಾರಕ್ಕಿಂತ ಕಡಿಮೆ ಇರುವವರಿಗೆ ಅದು ವ್ಯರ್ಥ ಖರ್ಚು.

ಗೇಟೇ ಇಲ್ಲದ ರಸ್ತೆ

ಮಿಲಾನ್‌ನ ಉತ್ತರಕ್ಕಿರುವ ಪೆಡೆಮೊಂಟಾನಾ ಲೊಂಬಾರ್ಡಾ, ಅಂದರೆ ಎ36, ನಕ್ಷೆಯಲ್ಲಿ ಒಳ್ಳೆಯ ಒಳದಾರಿಯಂತೆ ಕಾಣುತ್ತದೆ. ಅಲ್ಲಿ ಗೇಟಿಲ್ಲ, ಚೀಟಿಯಿಲ್ಲ, ಕ್ಯಾಮೆರಾ ಮಾತ್ರ. ಓಡಿದ ಮೇಲೆ 15 ದಿನದೊಳಗೆ ಆ ರಸ್ತೆಯ ತಾಣಕ್ಕೆ ನೀವೇ ಹೋಗಿ ಪ್ಲೇಟ್ ನಂಬರ್ ಹಾಕಿ ಕಟ್ಟಬೇಕು. ಫ್ರಾನ್ಸಿನಲ್ಲೂ ಪ್ಯಾರಿಸ್‌ನಿಂದ ನಾರ್ಮಂಡಿಗೆ ಹೋಗುವ ಎ13, ಎ14 ಹೆದ್ದಾರಿಗಳು 2024ರಿಂದ ಹೀಗೇ ಆಗಿವೆ, ಅಲ್ಲಿ ಗಡುವು ಬರೀ 72 ಗಂಟೆ. ನ್ಯಾವಿಗೇಷನ್ ಹೇಳಿದ ಕಡೆಗೆಲ್ಲ ತಿರುಗುವವರಿಗೆ ಇಂಥ ರಸ್ತೆಯಲ್ಲಿ ಓಡಿದ್ದೇ ಗೊತ್ತಾಗುವುದಿಲ್ಲ. ಮಿಲಾನ್ ಸುತ್ತಮುತ್ತ ಓಡಾಡಿದ ದಿನ ರಾತ್ರಿ ಫೋನಿನಲ್ಲಿ ಆ ದಿನದ ದಾರಿ ತೆರೆದು ರಸ್ತೆ ಸಂಖ್ಯೆ ನೋಡುವುದು ಒಳ್ಳೆಯದು.

ಟೋಲಿಗೆ ಸೇರದಿದ್ದರೂ ಒಂದು ಮಾತು: ಇಟಲಿಯ ಹಳೆಯ ಪೇಟೆಗಳ ಬಾಯಿಯಲ್ಲಿ ಕೆಂಪು ವೃತ್ತದ ‘ಝಡ್‌ಟಿಎಲ್’ ಬೋರ್ಡು ಕಂಡರೆ ಒಳಗೆ ಹೋಗಬೇಡಿ. ಅನುಮತಿ ಇಲ್ಲದ ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲ, ಕ್ಯಾಮೆರಾ ಇದ್ದೇ ಇರುತ್ತದೆ. ವಿದೇಶದಲ್ಲಿ ನೆಲೆಸಿದವರಿಗೆ ದಂಡದ ನೋಟಿಸ್ ಕಳಿಸಲು ಅಲ್ಲಿನ ಕಾನೂನು 360 ದಿನ ಕೊಡುತ್ತದೆ.

ಸ್ವಿಟ್ಜರ್ಲೆಂಡ್

ಸುಲಭ. ವಿನೆಟ್ ಒಂದೇ ಬಗೆ, ವರ್ಷದ್ದು, 40 ಫ್ರಾಂಕ್. ಒಂದು ದಿನ ಓಡಿದರೂ ಅಷ್ಟೇ. 2023ರ ಆಗಸ್ಟ್‌ನಿಂದ ಡಿಜಿಟಲ್ ರೂಪದಲ್ಲೂ ಸಿಗುತ್ತದೆ. ಕೊಳ್ಳುವ ತಾಣದ ವಿಳಾಸ ‘ಅಡ್ಮಿನ್ ಡಾಟ್ ಸಿಎಚ್’ ಎಂದು ಮುಗಿದರೆ ಅದು ಸರ್ಕಾರದ್ದು. ಕೋಮೊ ದಾಟಿ ಕಿಯಾಸೊ ಗಡಿ ಮುಟ್ಟುವ ಮುನ್ನವೇ ಕೊಂಡಿಡಿ. ಇಲ್ಲದಿದ್ದರೆ 200 ಫ್ರಾಂಕ್ ದಂಡ, ಮೇಲೆ ವಿನೆಟ್ಟಿನ ದುಡ್ಡು ಬೇರೆ. ಗೊಟ್ಟಾರ್ಡ್ ಸುರಂಗ ಇದರಲ್ಲೇ ಸೇರಿದೆ, ಗ್ರೇಟ್ ಸೇಂಟ್ ಬರ್ನಾರ್ಡ್ ಸುರಂಗಕ್ಕೆ ಬೇರೆ ಟೋಲ್.

ಕಾರು ಒಪ್ಪಿಸಿದ ಮೇಲೆ

ಕಟ್ಟದೆ ಉಳಿದ ಟೋಲಿನ ಪತ್ರ ಕಾರಿನ ಮಾಲೀಕರಾದ ಬಾಡಿಗೆ ಕಂಪನಿಗೆ ಹೋಗುತ್ತದೆ. ಅವರು ನಿಮ್ಮ ಹೆಸರು, ವಿಳಾಸ ಒದಗಿಸಿ, ಹಾಗೆ ಒದಗಿಸಿದ್ದಕ್ಕೆ ಪ್ರತಿ ಪ್ರಕರಣಕ್ಕೂ ಆಡಳಿತ ಶುಲ್ಕವೆಂದು ಕ್ರೆಡಿಟ್ ಕಾರ್ಡಿನಿಂದ ಮುರಿದುಕೊಳ್ಳುತ್ತಾರೆ. ಮೂರು ಯೂರೊ ಟೋಲಿಗೆ ಅದರ ಹತ್ತು ಪಟ್ಟು ಶುಲ್ಕ ಬೀಳುವುದು ಹೀಗೆ. ಒಪ್ಪಂದದಲ್ಲಿ ಇದಕ್ಕೆ ನೀವು ಸಹಿ ಹಾಕಿರುತ್ತೀರಿ, ಆದ್ದರಿಂದ ಶುಲ್ಕದ ಬಗ್ಗೆ ಬ್ಯಾಂಕಿಗೆ ತಕರಾರು ಹೂಡಿದರೆ ಗೆಲ್ಲುವುದು ಕಷ್ಟ. ಟೋಲನ್ನು ಗಡುವಿನೊಳಗೆ ಕಟ್ಟಿದ್ದರೆ ಮಾತ್ರ ದಾರಿಯಿದೆ: ರಸೀದಿ, ಸ್ಕ್ರೀನ್‌ಶಾಟ್ ಮತ್ತು ಬಾಡಿಗೆ ಒಪ್ಪಂದದ ಸಂಖ್ಯೆ ಸೇರಿಸಿ ಕಂಪನಿಗೆ ಇಮೇಲ್ ಮಾಡಿ, ಶುಲ್ಕ ವಾಪಸ್ ಕೇಳಿ. ಎಲ್ಲ ದೇಶದ ರಸೀದಿ, ವಿನೆಟ್ಟಿನ ಇಮೇಲ್, ಪ್ಲೇಟಿನ ಫೋಟೊ ಒಂದೇ ಫೋಲ್ಡರಿನಲ್ಲಿ ಕನಿಷ್ಠ ಒಂದು ವರ್ಷ ಇಟ್ಟಿರಿ.